ಅಕ್ಕೋರಿಗೊಂದು ಪತ್ರ: ‘ನೀವು ಕಾಣಿರೆ, ನೀವು ಕಾಣಿರೆ’

ಹೋದ ಸಂಚಿಕೆಯಲ್ಲಿ ಹಂಪಿಯ ಫಲಪೂಜೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಫಲಪೂಜೆ ಎಂದರೆ ಪಂಪಾದೇವಿಗೂ ವಿರೂಪಾಕ್ಷನಿಗೂ ನಿಶ್ಚಿತಾರ್ಥ. ಚಳಿಗಾಲದಲ್ಲಿ ನಿಶ್ಚಯ, ಚೈತ್ರದಲ್ಲಿ ಮದುವೆ ಮತ್ತು ತೇರು. ನಡುವಿನ ತಿಂಗಳುಗಳಲ್ಲಿ ದೇವರೂ ಕಾಯಬೇಕು, ಆ ಕಾಯುವುದರಲ್ಲಿ ಎಷ್ಟು ಹಂಬಲ ಇರಬೇಡ ಎಂದಿದ್ದೆ. ಅಷ್ಟಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಖುಷಿಪಟ್ಟಿದ್ದಾರೆ. ಕೆಲವರು ಸಿಟ್ಟಾಗಿದ್ದಾರೆ. ಒಬ್ಬರು ಅತ್ತಿದ್ದಾರೆ. ಸುತ್ತಿ ಬಳಸಿ ಎಲ್ಲರೂ ಕೇಳಿದ್ದು ಒಂದನ್ನೇ: ದೇವರ ಹಾಡಿನಲ್ಲಿ ಇಷ್ಟೊಂದು ಬಯಕೆ ಯಾಕೆ? ಹಾಗಾಗಿ ಈ ಸಲ ಬೇರೆ ಪತ್ರಗಳನ್ನು ಬದಿಗಿಟ್ಟು ಇವೇ ಐದಕ್ಕೆ ಉತ್ತರ ಬರೆಯುತ್ತೇನೆ. ಯಾರ ಹೆಸರೂ ಹಾಕಿಲ್ಲ.

ಯಲಬುರ್ಗಾ ತಾಲೂಕಿನ ಒಬ್ಬ ಕನ್ನಡ ಶಿಕ್ಷಕಿ ಕೇಳುತ್ತಾರೆ: ಅಕ್ಕೋರೆ, ಒಂಬತ್ತನೇ ಕ್ಲಾಸಿನಲ್ಲಿ ಅಕ್ಕಮಹಾದೇವಿಯ ವಚನ ಹೇಳುತ್ತಿದ್ದೆ. ‘ಚೆಲುವಂಗೆ ಒಲಿದೆ’ ಅನ್ನುವಾಗ ಹುಡುಗರು ಮುಸಿಮುಸಿ ನಕ್ಕರು. ನಾನು ಗಾಬರಿಯಾಗಿ ‘ಚೆಲುವ ಎಂದರೆ ಪರಮಾತ್ಮ, ಅಕ್ಕ ಎಂದರೆ ಜೀವಾತ್ಮ, ಬರ್ಕೊಳ್ಳಿ’ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಹಂಗಾದ್ರ ಹಂಗಽ ಹೇಳಬಹುದಿತ್ತಲ್ರಿ ಟೀಚರ್, ಗಂಡ ಅಂತ ಯಾಕ ಅಂದಳು?’ ಎಂದು ಕೇಳಿದಳು. ಗದರಿಸಿ ಕೂರಿಸಿದೆ. ಅವತ್ತಿನಿಂದ ಸಮಾಧಾನ ಇಲ್ಲ. ನಾನು ಏನು ಹೇಳಬೇಕಿತ್ತು?

ತಂಗಿ, ಮೊದಲು ಆ ಹುಡುಗಿಯನ್ನು ಕರೆದು ‘ಒಳ್ಳೇ ಪ್ರಶ್ನೆ ಕೇಳಿದೆ’ ಅಂತ ಹೇಳು. ಎಲ್ಲರ ಮುಂದೆ ಹೇಳು. ಗದರಿಸಿದ್ದು ಎಲ್ಲರ ಮುಂದೆಯೇ ಅಲ್ವಾ.

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ಹಳ್ಳಿ ಶಾಲೆ. ಅಲ್ಲಿನ ಹಿರಿಯರೊಬ್ಬರು ನನ್ನನ್ನು ಕರೆದು, ‘ಆ ವಚನ ಬಿಟ್ಟುಬಿಡ್ರಿ, ಹೆಣ್ಣುಮಕ್ಕಳ ಮುಂದ ಗಂಡ ಗಿಂಡ ಬ್ಯಾಡ’ ಎಂದರು. ಬಿಟ್ಟೆ. ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಪುಟ ತಿರುಗಿಸಿದೆ. ಅದೇ ಬೇಸಿಗೆಯಲ್ಲಿ ಆ ಕ್ಲಾಸಿನ ಒಬ್ಬ ಹುಡುಗಿಗೆ ಮದುವೆ ಮಾಡಿದರು. ಹದಿನೈದು ತುಂಬಿರಲಿಲ್ಲ. ನಿನಗೆ ಯಾರು ಇಷ್ಟ ಅಂತ ಅವಳನ್ನು ಒಬ್ಬರೂ ಕೇಳಿರಲಿಲ್ಲ. ‘ನಾನೊಲಿದೆ’ ಎಂದು ಒಬ್ಬ ಹೆಣ್ಣು ತನ್ನ ಬಾಯಿಂದ ಹೇಳಿದ ಮಾತೊಂದು ಅವಳ ಕಿವಿಗೆ ಬೀಳುವುದಿತ್ತು. ಅದನ್ನು ತಪ್ಪಿಸಿದವಳು ನಾನು. ಇಷ್ಟು ವರ್ಷ ಆದರೂ ಆ ಪುಟ ತಿರುಗಿಸಿದ ಸದ್ದು ಮರೆತಿಲ್ಲ.

ಈಗ ವಚನಕ್ಕೆ ಬರೋಣ. ‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗೆ ನಾನೊಲಿದೆ’ ಎಂದು ಅಕ್ಕ ಶುರು ಮಾಡುತ್ತಾಳೆ. ರೂಹು ಎಂದರೆ ರೂಪ. ರೂಪವೇ ಇಲ್ಲದವನನ್ನು ಚೆಲುವ ಅನ್ನುತ್ತಾಳೆ. ಇಲ್ಲಿ ನೀನು ಹೇಳಿದ ಪರಮಾತ್ಮ ಇದ್ದಾನೆ, ಸುಳ್ಳಲ್ಲ. ಆದರೆ ಕೊನೆಯಲ್ಲಿ ಏನು ಹೇಳುತ್ತಾಳೆ ನೋಡು: ‘ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ’. ಒಲೆ! ಅಡುಗೆಮನೆಯ ಒಲೆ. ಗಂಡರ ಮೇಲೆ ಅಕ್ಕನ ದೂರು ಏನು? ಅವರಿಗೆ ಮೈ ಇದೆ ಅಂತ ಅಲ್ಲ. ಅವರು ಸಾಯುತ್ತಾರೆ, ಕೆಡುತ್ತಾರೆ ಅಂತ. ಒಲವು ಬೇಡ ಎಂದು ಅವಳು ಎಲ್ಲೂ ಹೇಳಲಿಲ್ಲ. ಮುಗಿದುಹೋಗುವ ಒಲವು ಸಾಲದು ಎಂದಳು. ಬಯಕೆ ಕಡಿಮೆಯಾದವಳ ಮಾತಲ್ಲ ಇದು, ಬಯಕೆ ತುಂಬಾ ದೊಡ್ಡದಾದವಳ ಮಾತು. ‘ಜೀವಾತ್ಮ’ ಎಂದು ಬರೆಸಿದ ಕೂಡಲೇ ಆ ಒಲೆ ಆರಿಹೋಗುತ್ತದೆ. ಮಕ್ಕಳ ನೋಟ್‌ಬುಕ್‌ನಲ್ಲಿ ಎರಡು ಒಣ ಪದ ಉಳಿಯುತ್ತವೆ.

ಕ್ಲಾಸಿಗೆ ಇನ್ನೊಂದು ವಚನ ತೆಗೆದುಕೊಂಡು ಹೋಗು. ‘ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ’ ಅನ್ನುವುದು. ಕನಸಿನಲ್ಲಿ ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಕಾಣುತ್ತವೆ. ಎಲ್ಲಾ ಮದುವೆ ಮನೆಯ ಸಾಮಾನು. ಚಿಕ್ಕ ಚಿಕ್ಕ ಜಡೆ, ಸುಲಿದ ಹಾಗೆ ಹೊಳೆಯುವ ಹಲ್ಲು, ಅಂಥ ಗೊರವ ಭಿಕ್ಷೆಗೆ ಮನೆಗೆ ಬರುತ್ತಾನೆ. ನಿಲ್ಲದೆ ಮುಂದೆ ಹೋಗಿಬಿಡುತ್ತಾನೆ. ಅವಳು ಹಿಂದೆ ಹೋಗಿ ‘ಕೈವಿಡಿದೆನು’ ಅನ್ನುತ್ತಾಳೆ. ನಮ್ಮ ಕಡೆ ಕೈ ಹಿಡಿಯುವುದು ಎಂದರೆ ಏನು ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಹಿಡಿದವನು ಗಂಡಲ್ಲ, ಹಿಡಿದವಳು ಹೆಣ್ಣು. ಆಮೇಲೆ ಕಣ್ಣು ತೆರೆಯುತ್ತಾಳೆ. ಹುಡುಗರು ನಗಲಿ, ನಗುವ ವಯಸ್ಸು. ನಕ್ಕ ಮೇಲೆ ಸುಮ್ಮನಾಗುತ್ತಾರೆ. ಆಗ ಹೇಳು, ಎಂಟುನೂರು ವರ್ಷಕ್ಕೂ ಹಿಂದೆ ಒಬ್ಬ ಹೆಣ್ಣು ತನ್ನ ಕನಸನ್ನು ಗೆಳತಿಯ ಮುಂದೆ ಹೀಗೆ ಹೇಳಿಕೊಂಡಳು ಅಂತ.

ಇದು ಹೆಣ್ಣುಮಕ್ಕಳ ಹಾಡು ಮಾತ್ರ ಅಂತಲೂ ಬಿಡಬೇಡ. ಬಸವಣ್ಣ ಕಲ್ಯಾಣದ ಖಜಾನೆ ನೋಡಿಕೊಂಡವನು, ಸಂಸಾರಿ. ಅವನೂ ಒಂದು ವಚನದಲ್ಲಿ, ಅರಿಸಿನ ಮಿಂದು ಒಡವೆ ತೊಟ್ಟರೂ ಗಂಡನ ಒಲವು ಸಿಗದ ಹೆಣ್ಣಿನ ಹಾಗಾದೆ ಎಂದು ಕೊರಗುತ್ತಾನೆ. ಗಜೇಶ ಮಸಣಯ್ಯ ಅನ್ನುವ ಶರಣ ಇದ್ದ. ಮಹಾಲಿಂಗ ಗಜೇಶ್ವರ ಅವನ ಅಂಕಿತ. ಅವನ ವಚನಗಳ ತುಂಬಾ ನಲ್ಲನಿಗೆ ಕಾಯುವ ಹೆಣ್ಣಿನ ಮಾತು. ಗಂಡಸೊಬ್ಬ ಹೆಣ್ಣಾಗಿ ನಿಂತು ಕಾಯುವುದು ಸುಲಭವಲ್ಲ. ಹುಡುಗರಿಗೆ ಅದನ್ನು ಓದಿಸಿದರೆ ನಗು ತಾನಾಗಿ ನಿಲ್ಲುತ್ತದೆ.

ಒಂದು ಮಾತು ನನ್ನದೇ. ನಮ್ಮ ಅವ್ವ ನಮ್ಮ ಅಪ್ಪನ ಹೆಸರನ್ನು ಜೀವಮಾನದಲ್ಲಿ ಎರಡೋ ಮೂರೋ ಸಲ ಹೇಳಿರಬಹುದು. ಅದೂ ಮದುವೆ, ಸೀಮಂತಗಳಲ್ಲಿ, ಎಲ್ಲರೂ ಒತ್ತಾಯ ಮಾಡಿದಾಗ, ಒಡಪಿನಲ್ಲಿ. ‘ಆನೆಗೊಂದಿ ಹೊಳಿಗೆ ಹರಿಗೋಲ ಚೆಂದ, ಇಂಥವರ ಹೆಸರು ನನ್ನ ಬಾಯಿಗೆ ಚೆಂದ’ ಅನ್ನುತ್ತಿದ್ದಳು. ‘ಇಂಥವರ’ ಅನ್ನುವ ಕಡೆ ಅಪ್ಪನ ಹೆಸರು. ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ಅಕ್ಕನ ವಚನದ ಕೊನೆಯಲ್ಲಿ ‘ಚೆನ್ನಮಲ್ಲಿಕಾರ್ಜುನ’ ಬಂದಾಗ ನನಗೆ ಯಾವಾಗಲೂ ಆ ಒಡಪೇ ಕೇಳಿಸುತ್ತದೆ. ಪುಸ್ತಕದಲ್ಲಿ ಅದನ್ನು ಅಂಕಿತ ಅನ್ನುತ್ತಾರೆ, ಸರಿ. ಆದರೆ ಎಲ್ಲವನ್ನೂ ಹೇಳಿ ಕೊನೆಗೆ ನಾಚಿಕೆ ಬಿಟ್ಟು ಹೆಸರು ಹೇಳುವ ಹೆಣ್ಣುಮಗಳ ದನಿ ಅದರಲ್ಲಿ ಇದೆ. ನಿನ್ನ ಕ್ಲಾಸಿನ ಹುಡುಗಿಯರಿಗೆ ಒಡಪು ಗೊತ್ತೇ ಇರುತ್ತದೆ. ಅಲ್ಲಿಂದ ಪಾಠ ಶುರು ಮಾಡಿ ನೋಡು.

ಗಂಗಾವತಿಯ ಒಬ್ಬ ಹಿರಿಯರು ಬರೆಯುತ್ತಾರೆ: ದೇವರ ಮದುವೆಗೆ ‘ಹಂಬಲ’ ಎಂಬ ಪದ ಬಳಸಿದ್ದು ಸರಿಯಲ್ಲ. ನಮ್ಮ ಋಷಿಗಳು ಕಾಮವನ್ನು ಗೆದ್ದವರು. ಇಂಥ ಶೃಂಗಾರವನ್ನೆಲ್ಲ ಆಮೇಲೆ ಬಂದ ಕವಿಗಳು ತುಂಬಿದ್ದು. ನೀವು ಅದಕ್ಕೆ ನೀರೆರೆಯಬೇಡಿ.

ಹಿರಿಯರೆ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಹಿಂದಕ್ಕೆ ಹೋದಷ್ಟೂ ಈ ಹಂಬಲ ಕಡಿಮೆ ಆಗುವುದಿಲ್ಲ.

ಋಗ್ವೇದದ ಮೊದಲ ಮಂಡಲದ 179ನೇ ಸೂಕ್ತವನ್ನು ದಯವಿಟ್ಟು ತೆಗೆದು ನೋಡಿ. ಬರೀ ಆರು ಮಂತ್ರ. ಮಾತಾಡುವವಳು ಲೋಪಾಮುದ್ರೆ, ಅಗಸ್ತ್ಯನ ಹೆಂಡತಿ. ಎಷ್ಟೋ ವರ್ಷದಿಂದ ಹಗಲು ರಾತ್ರಿ ದುಡಿದು ದಣಿದಿದ್ದೇನೆ, ಒಂದೊಂದು ಬೆಳಗೂ ನಮ್ಮನ್ನು ಮುದುಕರನ್ನಾಗಿ ಮಾಡುತ್ತಿದೆ, ಮುಪ್ಪು ಮೈಯ ಚೆಲುವನ್ನು ತಿನ್ನುತ್ತದೆ, ಗಂಡಂದಿರು ಹೆಂಡತಿಯರ ಹತ್ತಿರ ಬರಬೇಕು ಅನ್ನುತ್ತಾಳೆ. ತಪಸ್ಸಿನಲ್ಲಿ ಮುಳುಗಿದ ಗಂಡನಿಗೆ ಹೆಂಡತಿ ನೇರವಾಗಿ ಹೇಳಿದ ಮಾತು ಇದು. ವೇದ ಅದನ್ನು ಮುಚ್ಚಿಡಲಿಲ್ಲ, ಮಂತ್ರವಾಗಿ ಉಳಿಸಿಕೊಂಡಿತು. ಅಥರ್ವವೇದದಲ್ಲಿ ಇನ್ನೊಬ್ಬ ಪ್ರೇಮಿ, ಬಳ್ಳಿ ಮರವನ್ನು ಸುತ್ತಲೂ ತಬ್ಬುವ ಹಾಗೆ ನನ್ನನ್ನು ತಬ್ಬಿಕೋ ಎಂದು ಕೇಳುತ್ತಾನೆ. ಇದಕ್ಕೂ ಹಿಂದೆ, ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಸುಮೇರಿಯಾದ ಮಣ್ಣಿನ ಹಲಗೆಗಳಲ್ಲಿ ಇನಾನ್ನಾ ದೇವಿ ತನ್ನ ಕುರುಬ ನಲ್ಲ ದುಮುಜಿಯನ್ನು ಕರೆಯುವ ಹಾಡುಗಳಿವೆ.

ತಮಿಳಿನ ಆಂಡಾಳ್ ಗೊತ್ತಲ್ಲ. ಶ್ರೀವಿಲ್ಲಿಪುತ್ತೂರಿನ ಹೆಣ್ಣುಮಗಳು. ಧನುರ್ಮಾಸದಲ್ಲಿ ನೀವೂ ಕೇಳಿರುವ ತಿರುಪ್ಪಾವೈಯ 30 ಪದ್ಯ ಅವಳವೇ. ಅವಳದೇ ಇನ್ನೊಂದು ಕೃತಿ ನಾಚ್ಚಿಯಾರ್ ತಿರುಮೊಳಿ, 143 ಪದ್ಯ. ಅದನ್ನು ತಿರುಪ್ಪಾವೈಯಷ್ಟು ಹಾಡುವುದಿಲ್ಲ. ಅದರಲ್ಲಿ ಅವಳು ಕೃಷ್ಣನ ಶಂಖವನ್ನೇ ಕೇಳುತ್ತಾಳೆ: ಅವನ ಬಾಯಿ ಕರ್ಪೂರದ ವಾಸನೆಯೋ, ತಾವರೆಯದೋ? ಸಿಹಿ ಇರುತ್ತದಾ? ನಿನಗಾದರೆ ಗೊತ್ತು, ಹೇಳು. ಸಾವಿರ ಆನೆ ಸುತ್ತುವರಿದು ಅವನು ಮದುವೆಗೆ ಬಂದ ಕನಸನ್ನೂ ಹೇಳುತ್ತಾಳೆ. ಪದ್ಯ ಪದ್ಯಕ್ಕೂ ‘ಕನಸು ಕಂಡೆ ಗೆಳತಿ ನಾನು’ ಅನ್ನುತ್ತಾಳೆ. ನಮ್ಮ ಅಕ್ಕನ ಕನಸಿಗೂ ಇದಕ್ಕೂ ಎಷ್ಟು ಹತ್ತಿರ! ಇಂಥವಳನ್ನು ಇವತ್ತಿಗೂ ದೇವಸ್ಥಾನದಲ್ಲಿ ದೇವಿಯಾಗಿ ಕೂರಿಸಿ ಪೂಜೆ ಮಾಡುತ್ತಾರೆ.

ನಮ್ಮ ಹಂಪಿಯನ್ನೇ ತಗೊಳ್ಳಿ. ಹೇಮಕೂಟದಲ್ಲಿ ಶಿವ ಕಾಮನನ್ನು ಸುಟ್ಟ ಅನ್ನುತ್ತೇವೆ. ವಿರೂಪಾಕ್ಷನ ಗುಡಿಯ ಪಕ್ಕದ ಹೊಂಡಕ್ಕೆ ಮನ್ಮಥನ ಹೆಸರು. ಕಾಮನನ್ನು ಸುಟ್ಟ ಆ ಗುಡ್ಡದ ಬುಡದಲ್ಲೇ ಪ್ರತಿ ಚೈತ್ರ ಶಿವನ ಮದುವೆ ಮಾಡುತ್ತೇವೆ. ಅದೇ ವಿರೂಪಾಕ್ಷನ ಭಕ್ತ ಹರಿಹರ ಗಿರಿಜಾಕಲ್ಯಾಣ ಬರೆದ. ಶಿವನ ಮದುವೆಯನ್ನೇ ಒಂದು ಇಡೀ ಕಾವ್ಯ ಮಾಡಿದ. ಹಂಬಲ ಎಂಬ ಪದವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಬಳ್ಳಾರಿಯ ಒಬ್ಬ ಓದುಗಿ ಕೇಳುತ್ತಾರೆ: ನಾವು ಕ್ರೈಸ್ತರು. ನಮ್ಮ ಅಜ್ಜಿಯ ಬೈಬಲಿನಲ್ಲಿ ಪರಮಗೀತದ ಪುಟಗಳ ಅಂಚು ಬೆರಳು ತಾಗಿ ತಾಗಿ ಮಾಸಿದೆ. ಆದರೆ ಚರ್ಚಿನಲ್ಲಿ ಅದರ ಮೇಲೆ ಒಂದು ಪ್ರಸಂಗವನ್ನೂ, ಅಂದರೆ ಉಪದೇಶವನ್ನೂ, ನಾನು ಕೇಳಿಲ್ಲ. ಕೇಳಿದರೆ ‘ಕ್ರಿಸ್ತ ಮತ್ತು ಸಭೆ’ (ಸಭೆ ಎಂದರೆ ಅವನ ಭಕ್ತರ ಸಮುದಾಯ) ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಓದಿದರೆ ನನಗೆ ಒಬ್ಬ ಹುಡುಗ, ಒಬ್ಬ ಹುಡುಗಿಯೇ ಕಾಣುತ್ತಾರೆ. ನಾನು ಓದುವುದು ತಪ್ಪಾ?

ತಪ್ಪಲ್ಲಮ್ಮ. ನಿಮ್ಮ ಅಜ್ಜಿಯನ್ನು ನೋಡಬೇಕಿತ್ತು ಅನ್ನಿಸಿತು.

ಎಂಟೇ ಅಧ್ಯಾಯ ಅದು. ಅದರಲ್ಲಿ ಕಟ್ಟಳೆ ಇಲ್ಲ, ಉಪದೇಶ ಇಲ್ಲ, ಪ್ರಾರ್ಥನೆ ಇಲ್ಲ. ಇಬ್ಬರು ಒಬ್ಬರನ್ನೊಬ್ಬರು ಹೊಗಳುತ್ತಾರೆ, ಹುಡುಕುತ್ತಾರೆ, ಕರೆಯುತ್ತಾರೆ. ಹುಡುಗಿಯ ಮಾತೇ ಜಾಸ್ತಿ. ನಾನು ಕಪ್ಪು, ಆದರೂ ಚೆಲುವೆ, ಬಿಸಿಲು ನನ್ನನ್ನು ಸುಟ್ಟಿದೆ, ಅಣ್ಣಂದಿರು ಸಿಟ್ಟಾಗಿ ದ್ರಾಕ್ಷಿ ತೋಟ ಕಾಯಲು ಹಚ್ಚಿದರು, ನನ್ನ ಸ್ವಂತ ತೋಟ ಮಾತ್ರ ಕಾಯಲಿಲ್ಲ ಅನ್ನುತ್ತಾಳೆ. ಮೆಣಸಿನಕಾಯಿ ಹೊಲದಲ್ಲಿ, ಹತ್ತಿ ಹೊಲದಲ್ಲಿ ದುಡಿದು ಬರುವ ನಿಮ್ಮ ಬಳ್ಳಾರಿ ಸೀಮೆಯ ಹೆಣ್ಣುಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾ?

ಐದನೇ ಅಧ್ಯಾಯದ ರಾತ್ರಿ ನನಗೆ ತುಂಬಾ ಕಾಡುತ್ತದೆ. ಅವನು ಬಂದು ಬಾಗಿಲು ತಟ್ಟುತ್ತಾನೆ. ಅವಳು, ಬಟ್ಟೆ ಕಳಚಿಟ್ಟಿದ್ದೇನೆ, ಕಾಲು ತೊಳೆದಿದ್ದೇನೆ, ಮತ್ತೆ ಹೇಗೆ ಏಳಲಿ ಎಂದು ತಡ ಮಾಡುತ್ತಾಳೆ. ಎದ್ದು ಬಾಗಿಲು ತೆರೆದರೆ ಅವನಿಲ್ಲ. ಊರೆಲ್ಲ ಹುಡುಕುತ್ತಾಳೆ. ಗಸ್ತಿನವರು ಹಿಡಿದು ಹೊಡೆಯುತ್ತಾರೆ, ಮೇಲುಹೊದಿಕೆ ಕಿತ್ತುಕೊಳ್ಳುತ್ತಾರೆ. ರಾತ್ರಿ ಒಬ್ಬಳೇ ಬೀದಿಗೆ ಬಂದ ಹೆಣ್ಣಿಗೆ ಆಗಲೂ ಅದೇ ಗತಿ. ಆದರೂ ಅವಳು ಮನೆಗೆ ತಿರುಗಿ ಹೋಗುವುದಿಲ್ಲ. ಯೆರೂಸಲೇಮಿನ ಹೆಣ್ಣುಮಕ್ಕಳನ್ನು ನಿಲ್ಲಿಸಿ, ಅವನು ಸಿಕ್ಕರೆ ಹೇಳಿ, ನಾನು ಪ್ರೀತಿಯಿಂದ ಅಸ್ವಸ್ಥಳಾಗಿದ್ದೇನೆ ಅಂತ ಹೇಳಿ ಅನ್ನುತ್ತಾಳೆ. ಇದನ್ನು ಓದುವಾಗ ನನ್ನ ಕಿವಿಯಲ್ಲಿ ಅಕ್ಕನ ದನಿ ಏಳುತ್ತದೆ. ‘ಚಿಲಿಮಿಲಿ ಎಂದು ಓದುವ ಗಿಳಿಗಳಿರಾ, ನೀವು ಕಾಣಿರೆ, ನೀವು ಕಾಣಿರೆ’. ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲು, ಒಬ್ಬರನ್ನೂ ಬಿಡದೆ ಕೇಳುತ್ತಾಳೆ ಅಕ್ಕ. ಯಾರೂ ಉತ್ತರ ಕೊಡುವುದಿಲ್ಲ. ಇಬ್ಬರಿಗೂ ಪರಸ್ಪರ ಗೊತ್ತಿಲ್ಲ. ಬೇರೆ ಸೀಮೆ, ಬೇರೆ ಭಾಷೆ, ಬೇರೆ ದೇವರು. ಕಳೆದುಕೊಂಡವನನ್ನು ದಾರಿಯಲ್ಲಿ ಸಿಕ್ಕವರ ಹತ್ತಿರ ಕೇಳುವ ರೀತಿ ಮಾತ್ರ ಒಂದೇ.

ಇದು ಪವಿತ್ರ ಗ್ರಂಥವೋ ಅಲ್ಲವೋ ಎಂದು ಯೆಹೂದಿ ಪಂಡಿತರಲ್ಲೇ ಚರ್ಚೆ ಇತ್ತು. ಆಗ ರಬ್ಬಿ ಅಕೀವ, ಎಲ್ಲಾ ಬರಹಗಳೂ ಪವಿತ್ರ, ಆದರೆ ಈ ಗೀತೆ ಪವಿತ್ರಗಳಲ್ಲಿ ಪವಿತ್ರ ಎಂದ. ಎರಡನೇ ಶತಮಾನದ ದೊಡ್ಡ ಗುರು ಅವನು. ಪಸ್ಕ ಹಬ್ಬದ ಹೊತ್ತಿನಲ್ಲಿ ಯೆಹೂದಿಗಳು ಇದನ್ನು ಓದುತ್ತಾರೆ. ಕ್ರೈಸ್ತರಲ್ಲಿ ಕ್ಲೇರ್ವೋದ ಬರ್ನಾರ್ಡ್ ಎಂಬ ಸನ್ಯಾಸಿ ಇದರ ಮೇಲೆ 86 ಪ್ರಸಂಗ ಬರೆದ. ಅಷ್ಟಾದರೂ ಮೂರನೇ ಅಧ್ಯಾಯದ ಆರಂಭಕ್ಕಿಂತ ಮುಂದೆ ಹೋಗಲಿಲ್ಲ. ಅವನು ತೀರಿಕೊಂಡದ್ದು 1153ರಲ್ಲಿ. ಅಂದರೆ ನಮ್ಮ ಬಸವಣ್ಣ, ಅಕ್ಕ ಇದ್ದ ಶತಮಾನವೇ. ಜಯದೇವ ರಾಧೆಯ ವಿರಹವನ್ನು ಗೀತಗೋವಿಂದದ 24 ಅಷ್ಟಪದಿಗಳಲ್ಲಿ ಹಾಡಿದ್ದೂ ಅದೇ ಶತಮಾನ. ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ. ಆ ಗುಡಿಯ ಕಂಬಗಳ ನಡುವೆ ಕೂತಾಗಲೆಲ್ಲ ಇದು ನೆನಪಾಗುತ್ತದೆ. ಒಂದೇ ಕಾಲದಲ್ಲಿ ಎಷ್ಟು ದೂರ ದೂರದ ಜನ ಒಂದೇ ರೀತಿ ಕಾದು ಕೂತಿದ್ದರು!

‘ಕ್ರಿಸ್ತ ಮತ್ತು ಸಭೆ’ ಅನ್ನುವ ಅರ್ಥವೂ ಸುಮ್ನೆ ಹುಟ್ಟಿದ್ದಲ್ಲ, ನೂರಾರು ವರ್ಷ ಜನ ಅದರಿಂದ ಬದುಕಿದ್ದಾರೆ. ಅದಿರಲಿ. ಆದರೆ ಮೊದಲು ಹುಡುಗ ಹುಡುಗಿ ಇರಬೇಕು. ಬಾಗಿಲು ತಟ್ಟಿದ ಸದ್ದು ಕೇಳದವರಿಗೆ ಬಾಗಿಲ ಆಚೆ ಯಾರಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ನಿಮ್ಮ ಊರಿನ ಒಂದು ವಿಷಯ ನಿಮಗೆ ಗೊತ್ತಿರಬಹುದು. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದರು. ಆಮೇಲೆ ನಿಘಂಟು ಮಾಡಿದ ವಿಲಿಯಂ ರೀವ್ ಜೊತೆಯಾದರು. ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅಂದರೆ ಆ ಹುಡುಗಿ ಕನ್ನಡ ಮಾತಾಡಲು ಕಲಿತದ್ದು ನಿಮ್ಮ ಬಳ್ಳಾರಿಯಲ್ಲೇ. ಅಜ್ಜಿಯ ಪ್ರತಿಯನ್ನು ಜೋಪಾನವಾಗಿಡಿ. ಎಂಟನೇ ಅಧ್ಯಾಯದಲ್ಲಿ ಎಷ್ಟು ನೀರು ಬಂದರೂ ಪ್ರೀತಿಯನ್ನು ಆರಿಸಲಾಗದು, ಹೊಳೆ ಬಂದರೂ ಮುಳುಗಿಸಲಾಗದು ಎಂಬ ಮಾತಿದೆಯಲ್ಲ, ಆ ಪುಟದ ಅಂಚು ಹೇಗಿದೆ ನೋಡಿ ನನಗೆ ಬರೆಯಿರಿ.

ಸಿಂಧನೂರಿನ ಒಬ್ಬ ಯುವಕ ಕೇಳುತ್ತಾನೆ: ಅಕ್ಕಾ, ನನಗೆ ಇಷ್ಟವಾದ ಹುಡುಗಿಗೆ ವಾಟ್ಸಾಪ್‌ನಲ್ಲಿ ‘ಚೆಲುವಂಗೆ ನಾನೊಲಿದೆ’ ಎಂಬ ಸಾಲನ್ನು ‘ಚೆಲುವೆಗೆ’ ಎಂದು ಬದಲಾಯಿಸಿ ಕಳಿಸಿದೆ. ಅಣ್ಣ ನೋಡಿ, ದೇವರ ಸಾಲನ್ನು ಹೊಲಸು ಮಾಡಿದೆ ಎಂದು ಬೈದ. ಪಾಪ ಬರುತ್ತದಾ?

ಪಾಪ ಬರುವುದಿಲ್ಲಪ್ಪ. ಪರಮಗೀತವನ್ನೂ ಜನ ಕುಡಿಯುವ ಮನೆಗಳಲ್ಲಿ ರಾಗ ಎಳೆದು ಹಾಡುತ್ತಿದ್ದರು. ಹಾಗೆ ಹಾಡುವವನಿಗೆ ಮುಂದಿನ ಲೋಕದಲ್ಲಿ ಪಾಲಿಲ್ಲ ಎಂದು ಅಕೀವ ಸಿಟ್ಟಾಗಿದ್ದ. ಅವನ ಸಿಟ್ಟೂ ನನಗೆ ಅರ್ಥವಾಗುತ್ತದೆ, ಹಾಡುವವರ ಆಸೆಯೂ ಅರ್ಥವಾಗುತ್ತದೆ. ಒಂದೇ ಕೇಳಿಕೊಳ್ಳುತ್ತೇನೆ. ಸಾಲನ್ನು ತಿದ್ದಬೇಡ. ಇಡೀ ವಚನ ಓದು, ಇಷ್ಟವಾದರೆ ಇಡೀ ಕಳಿಸು. ಕಳಿಸಿ ಕಾಯಿ. ‘ಒಲಿದೆ’ ಅನ್ನುವುದನ್ನು ಅಕ್ಕ ತಾನಾಗಿ ಹೇಳಿದಳು. ಆ ಹುಡುಗಿಯೂ ತಾನಾಗಿ ಹೇಳಬೇಕು. ಹೇಳದಿದ್ದರೆ ಮತ್ತೆ ಮತ್ತೆ ಕಳಿಸಬೇಡ.

ಕಾರಟಗಿಯ ಒಬ್ಬ ಓದುಗರು ಬರೆಯುತ್ತಾರೆ: ಅಕ್ಕೋರೆ, ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ನಮ್ಮ ಮನೆಯಾಕಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಸಂಜೆ ಹೊತ್ತು ಹೋಗಲಿ ಅಂತ ವಾಲ್ಮೀಕಿ ರಾಮಾಯಣದ ಕನ್ನಡ ಅನುವಾದ ಓದುತ್ತೇನೆ. ಕಿಷ್ಕಿಂಧಾ ಕಾಂಡದ ಮೊದಲ ಸರ್ಗ ದಾಟಲು ನನಗೆ ಆಗುತ್ತಿಲ್ಲ. ಓದಿದಾಗೆಲ್ಲ ಅಳು ಬರುತ್ತದೆ. ಗೆಳೆಯರು ‘ರಾಮ ಅತ್ತದ್ದು ಲೀಲೆ, ಅವನು ಪರಬ್ರಹ್ಮ, ನಿನ್ನ ಸಂಸಾರದ ಅಳುವನ್ನು ಅದಕ್ಕೆ ಸೇರಿಸಬೇಡ’ ಅನ್ನುತ್ತಾರೆ. ದೇವರ ಕಥೆಯಲ್ಲಿ ನಮ್ಮಾಕಿಯನ್ನು ಹುಡುಕುವುದು ತಪ್ಪಾ?

ಅಣ್ಣಾವರೆ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ಆ ಸರ್ಗವನ್ನು ವಾಲ್ಮೀಕಿ ಯಾಕೆ ಅಷ್ಟು ಉದ್ದ ಮಾಡಿದ? ನೂರಕ್ಕೂ ಜಾಸ್ತಿ ಶ್ಲೋಕ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಸುಗ್ರೀವ ಇನ್ನೂ ಸಿಕ್ಕಿಲ್ಲ, ಹನುಮಂತ ಇನ್ನೂ ಬಂದಿಲ್ಲ. ಗಂಡನೊಬ್ಬ ಕೆರೆಯ ದಡದಲ್ಲಿ ಕೂತು ಹೆಂಡತಿಯನ್ನು ನೆನೆಯುತ್ತಾನೆ, ಅಷ್ಟೇ. ವಸಂತ ಬಂದಿದೆ. ಅಶೋಕದ ಹೂಗೊಂಚಲು ಅವನಿಗೆ ಕೆಂಡದ ಹಾಗೆ ಕಾಣುತ್ತದೆ. ತಾವರೆಯ ಎಸಳು ನೋಡಿದರೆ ಸೀತೆಯ ಕಣ್ಣು. ತಾವರೆಯ ಕೇಸರ ಸವರಿಕೊಂಡು ಬರುವ ಗಾಳಿ ಸೀತೆಯ ಉಸಿರು. ಹೆಣ್ಣು ನವಿಲು ಗಂಡಿನ ಹಿಂದೆ ಕುಣಿಯುತ್ತಾ ಹೋಗುವುದನ್ನು ನೋಡಿ, ಈ ನವಿಲಿನ ನಲ್ಲೆಯನ್ನು ಯಾವ ರಾಕ್ಷಸನೂ ಕದ್ದಿಲ್ಲ, ಅಲ್ವಾ ಲಕ್ಷ್ಮಣಾ, ಅನ್ನುತ್ತಾನೆ. ಈ ಮಾತಿಗೆ ಲೀಲೆ ಅಂತ ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ. ಅದು ಲೀಲೆಯೇ ಆಗಿದ್ದರೂ, ಅಷ್ಟು ನಿಜವಾಗಿ ಅಳುವುದನ್ನು ದೇವರು ಮನುಷ್ಯರಿಂದಲೇ ಕಲಿತಿರಬೇಕು. ಸೀತೆ ಕಾಣೆಯಾದ ದಿನ ಅವನು ಮರಮರವನ್ನೂ ಕೇಳಿದ್ದ. ಕದಂಬವನ್ನು, ಬಿಲ್ವವನ್ನು, ಜಿಂಕೆಯನ್ನು, ಆನೆಯನ್ನು. ಕಂಡೆಯಾ? ನೀನು ಕಂಡೆಯಾ? ಅಕ್ಕ ಗಿಳಿಯನ್ನು ಕೇಳಿದ ಹಾಗೆಯೇ.

ಲಕ್ಷ್ಮಣ ಅಣ್ಣನಿಗೆ ಸಮಾಧಾನ ಹೇಳುವಾಗ ಒಂದು ಮಾತು ಬರುತ್ತದೆ. ಸ್ನೇಹ ಅತಿಯಾದರೆ ಒದ್ದೆ ಬತ್ತಿಯೂ ಉರಿಯುತ್ತದೆ, ಅದನ್ನು ಬಿಡು ಅನ್ನುತ್ತಾನೆ. ಸಂಸ್ಕೃತದಲ್ಲಿ ಸ್ನೇಹ ಎಂದರೆ ಪ್ರೀತಿಯೂ ಹೌದು, ಎಣ್ಣೆಯೂ ಹೌದು. ತಮ್ಮನಾದವನು ಹೇಳಬೇಕಾದ ಮಾತೇ. ನಿಮ್ಮ ಗೆಳೆಯರು ಹೇಳುವುದೂ ಅದನ್ನೇ ಇರಬಹುದು. ಆದರೆ ಕವಿಯನ್ನು ನೋಡಿ. ಲಕ್ಷ್ಮಣನ ಬುದ್ಧಿಮಾತಿಗೆ ಕೆಲವೇ ಶ್ಲೋಕ ಕೊಟ್ಟ. ರಾಮನ ಅಳುವಿಗೆ ಇಡೀ ಸರ್ಗ ಕೊಟ್ಟ.

ಆ ಕೆರೆ ನಿಮ್ಮಿಂದ ದೂರವೇನಿಲ್ಲ. ಆನೆಗೊಂದಿ ಹತ್ತಿರದ ಪಂಪಾಸರೋವರವೇ ಅದು ಅಂತ ನಮ್ಮ ಕಡೆಯವರೆಲ್ಲ ನಂಬಿದ್ದೇವೆ. ಪಂಪಾದೇವಿ ಶಿವನಿಗಾಗಿ ತಪಸ್ಸು ಮಾಡಿದ್ದೂ ಅಲ್ಲೇ ಅನ್ನುತ್ತಾರೆ. ಒಂದೇ ನೀರಿನ ದಡದಲ್ಲಿ ಒಬ್ಬಳು ಗಂಡ ಸಿಗಲಿ ಎಂದು ಕಾದಳು, ಇನ್ನೊಬ್ಬ ಹೆಂಡತಿ ಸಿಗಲಿ ಎಂದು ಅತ್ತ. ಕಾರಟಗಿಯಿಂದ ಗಂಗಾವತಿ ಬಸ್ಸು ಹಿಡಿದರೆ, ಅಲ್ಲಿಂದ ಆಟೋ ಸಿಗುತ್ತದೆ. ಶನಿವಾರ ಬೇಡ, ಅಂಜನಾದ್ರಿಗೆ ಬರುವವರ ಗದ್ದಲ ಇರುತ್ತದೆ. ಬೆಳಿಗ್ಗೆ ಬೇಗ ಹೋಗಿ. ಗುಡ್ಡಗಳ ನಡುವೆ ಸಣ್ಣ ಕೆರೆ, ತಾವರೆ ಇರುತ್ತವೆ. ಪುಸ್ತಕ ತೆಗೆದುಕೊಂಡು ಹೋಗಿ ಅಲ್ಲೇ ಆ ಸರ್ಗ ಓದಿ. ಅಳು ಬಂದರೆ ಬರಲಿ. ಅಲ್ಲಿ ಅತ್ತವರಲ್ಲಿ ನೀವು ಮೊದಲಿಗರಲ್ಲ.

ತಪ್ಪಾ ಅಂತ ಕೇಳಿದಿರಿ. ಅಕ್ಕ ‘ಸಾವಿಲ್ಲದ’ ಚೆಲುವನನ್ನು ಯಾಕೆ ಬಯಸಿದಳು ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ದೇವರ ಕಥೆಯಲ್ಲಿ ಅವರನ್ನು ಹುಡುಕಿ. ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇನ್ನೊಂದು. ನಿಮ್ಮ ಪತ್ರ ನಾಲ್ಕು ಪುಟ ಇದೆ. ಅವರು ಮಾಡುತ್ತಿದ್ದ ಬದನೆಕಾಯಿ ಎಣಗಾಯಿ ಇದೆ, ಅವರ ಕೆಮ್ಮು ಇದೆ, ಆಸ್ಪತ್ರೆಯ ಕೊನೆಯ ವಾರ ಇದೆ. ‘ನಮ್ಮಾಕಿ’, ‘ನಮ್ಮ ಮನೆಯಾಕಿ’ ಎಂದು ಬರೆದಿದ್ದೀರಿ. ಹೆಸರು ಮಾತ್ರ ಒಂದು ಕಡೆಯೂ ಇಲ್ಲ. ಮದುವೆಯಲ್ಲಿ ಒಡಪು ಹೇಳಿಸಿರುತ್ತಾರಲ್ಲ ನಿಮ್ಮ ಹತ್ತಿರ? ನೆನಪಿದ್ದರೆ ಅದನ್ನೇ, ಮರೆತಿದ್ದರೆ ಹೊಸದೊಂದು ಕಟ್ಟಿ ಬರೆದು ಕಳಿಸಿ. ಇಲ್ಲಿ ಅಚ್ಚು ಹಾಕುವುದಿಲ್ಲ. ನಾನೊಬ್ಬಳೇ ಓದುತ್ತೇನೆ.